ಕಲ್ಲುಬಯಲಿನಾಚೆಯ ಚುಕ್ಕಿ

ನಕ್ಷೆ ಅಚ್ಚಿಗೆ ಹೋಗಲು ಇನ್ನೊಂದು ವಾರವೂ ಉಳಿದಿರಲಿಲ್ಲ. ಮರುಭೂಮಿಯ ಬೆಳ್ಳಿಕಾಲಿನ ಇರುವೆ ಎಲ್ಲೆಲ್ಲಿ ಬದುಕುತ್ತದೆ ಎಂದು ತೋರಿಸುವ ನಕ್ಷೆ ಅದು. ಕಲ್ಲುಬಯಲಿನ ಈಚೆಗೆ ಚುಕ್ಕಿಗಳು ಒತ್ತೊತ್ತಾಗಿದ್ದವು. ಆಚೆಗೆ ಒಂದೇ ಒಂದು ಚುಕ್ಕಿ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಚುಕ್ಕಿ ಇಟ್ಟವನು ಗಂಡ, ಪ್ರಶ್ನೆ ಹಾಕಿದವಳು ಹೆಂಡತಿ.

ಇಬ್ಬರೂ ಸಂಗ್ರಹಾಲಯದ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಇರುವೆಗಳನ್ನು ಜಾತಿವಾರು ವಿಂಗಡಿಸುತ್ತಿದ್ದವರು. ಬೆಳ್ಳಿಕಾಲನ್ನು ಬಯಲಿನಾಚೆ ಕಣ್ಣಾರೆ ಕಂಡೆ ಎಂದು ಆತ ಹೇಳಿದ್ದ. ಆದರೆ ತಂದದ್ದು ಖಾಲಿ ಸೀಸೆ. ಸೀಸೆಯಲ್ಲಿ ಇರುವೆ ಇಲ್ಲದೆ ನಕ್ಷೆಯಲ್ಲಿ ಚುಕ್ಕಿ ಇಲ್ಲ ಎಂದು ಆಕೆ ಪಟ್ಟು ಹಿಡಿದಳು. ಆ ಜಗಳ ಅಡುಗೆಮನೆ, ಹಜಾರ ಎಲ್ಲ ಸುತ್ತಿ, ಕೊನೆಗೂ ತೀರ್ಮಾನವಾಗದೆ ಆತನೇ ತೀರಿಕೊಂಡ. ಅದಾಗಿ ಮೂರು ವರ್ಷ.

ಈಗ ಮಾದರಿ ತಾರದಿದ್ದರೆ ಆ ಚುಕ್ಕಿಯನ್ನು ಅಳಿಸುತ್ತೇವೆ ಎಂದು ಸಂಗ್ರಹಾಲಯದ ಮುಖ್ಯಸ್ಥರು ಹೇಳಿಬಿಟ್ಟರು. ಆಕೆಗೆ ಜೀವಮಾನದಲ್ಲಿ ಮೊದಲ ಸಲ, ಈ ವಾದದಲ್ಲಿ ತಾನು ಸೋಲಬೇಕು ಅನ್ನಿಸಿತು.

ಹೊರಟವರು ಮೂವರು. ಆಕೆ, ಆಕೆಯ ಮೈದುನ, ಮತ್ತೆ ಜೀಪಿನ ಚಾಲಕ. ಮೈದುನ ವೃತ್ತಿಯಿಂದ ಸರ್ವೇಯರು, ಅಳತೆಪಟ್ಟಿ ಮತ್ತು ದಿಕ್ಸೂಚಿ ಬಿಟ್ಟು ಸಂತೆಗೂ ಹೋಗದ ಆಸಾಮಿ. ಚಾಲಕನನ್ನು ಎಲ್ಲರೂ ಕರೆಯುವುದು ನಿಧಾನಪ್ಪ ಎಂದು. ಗಾಡಿ ಓಡಿಸುವುದು ಮಾತ್ರ ಪ್ರಾಣ ಬಾಯಿಗೆ ಬರುವ ಹಾಗೆ. ಒಂದು ಇರುವೆಗೋಸ್ಕರ ಇಷ್ಟು ದೂರವೇ, ನಮ್ಮ ಮನೆ ಸಕ್ಕರೆ ಡಬ್ಬದಲ್ಲಿ ಬೇಕಾದಷ್ಟಿವೆ ಎಂದು ಅವನು ದಾರಿಯುದ್ದಕ್ಕೂ ಗೊಣಗಿದ.

ಕಲ್ಲುಬಯಲು ದಾಟುವುದರಲ್ಲಿ ಟೈರು ಎರಡು ಸಲ ಪಂಕ್ಚರಾಯಿತು. ಕಣ್ಣು ಹಾಯಿಸಿದಷ್ಟೂ ಕರಿಕಲ್ಲು. ಎಣ್ಣೆ ಸವರಿದಂತೆ ಹೊಳೆಯುವ ಕಲ್ಲಿನ ನಡುವೆ ಒಂದು ಹುಲ್ಲುಕಡ್ಡಿ ಕೂಡ ಇಲ್ಲ, ನೆರಳೆಂದರೆ ಜೀಪಿನದೊಂದೇ. ಆಚೆ ಕಡೆ ಕಲ್ಲು ಚದುರಿ ಮರಳು ಶುರುವಾಗುವ ಜಾಗಕ್ಕೆ ತಲುಪುವಾಗ ನಡುಮಧ್ಯಾಹ್ನ. ಅವರಿಗೆ ಬೇಕಾದದ್ದೂ ಅದೇ ಹೊತ್ತು. ಹಲ್ಲಿಗಳೂ ಬಿಲ ಸೇರಿದ ಮೇಲೆಯೇ ಬೆಳ್ಳಿಕಾಲು ಹೊರಬಂದು, ಬಿಸಿಲಿಗೆ ಸತ್ತ ಹುಳುಗಳನ್ನು ಆಯುತ್ತದೆ.

ಮೂವರೂ ಬಗ್ಗಿ ನೆಲ ನೋಡುತ್ತ ನಡೆದರು. ಕೊನೆಗೂ ಸತ್ತ ನೊಣವೊಂದನ್ನು ಕಚ್ಚಿಕೊಂಡು ಓಡುತ್ತಿದ್ದ ಇರುವೆ ಆಕೆಯ ಕಣ್ಣಿಗೆ ಬಿತ್ತು. ಕೈಲಿದ್ದ ಕೈಗುದ್ದಲಿ ಅಲ್ಲೇ ಬಿತ್ತು. ಸೀಸೆ ಬೋರಲು ಹಾಕಿ, ಅಡಿಗೆ ಕಾಗದ ತೂರಿಸಿ, ದೂರದಲ್ಲಿದ್ದ ಜೀಪಿನ ನೆರಳಿಗೆ ಆಕೆ ಹೆಚ್ಚುಕಡಿಮೆ ಓಡಿದಳು. ಭೂತಗನ್ನಡಿ ಹಿಡಿದಳು. ಈ ಜಾತಿಯ ಗುರುತು ಸೊಂಟದಲ್ಲಿರುವ ಗಂಟು. ನೆರೆಯ ಜಾತಿಯಲ್ಲಿ ಅದು ಕಾಳಿನಂತೆ ಉರುಟು, ಬೆಳ್ಳಿಕಾಲಿನಲ್ಲಿ ಬಿಲ್ಲೆಯಂತೆ ತೆಳು. ಇದರದ್ದು ತೆಳುವಾಗಿತ್ತು.

ಆದರೆ ಒಂಟಿ ಇರುವೆ ಗಾಳಿಗೆ ಹಾರಿ ಬಂದದ್ದೂ ಇರಬಹುದು. ಇಲ್ಲೇ ಸಂಸಾರ ಹೂಡಿದೆ ಎನ್ನಲು ಗೂಡು ಬೇಕು. ಬಿಟ್ಟರೆ ತಾನೇ ಮನೆ ತೋರಿಸುತ್ತದೆ ಎಂದು ಆಕೆ ಅದನ್ನು ಜೀಪಿನ ಪಕ್ಕದಲ್ಲೇ ಕೆಳಗೆ ಬಿಟ್ಟಳು. ಇರುವೆ ನೊಣವನ್ನು ಮತ್ತೆ ಕಚ್ಚಿ, ಗೆರೆ ಎಳೆದಂತೆ ನೆಟ್ಟಗೆ ಓಡಿತು. ಇವರೂ ಹಿಂದೆ ಓಡಿದರು.

ಒಂದೆಡೆ ಅದು ನಿಂತಿತು.

ಅಲ್ಲಿ ಗೂಡಿರಲಿಲ್ಲ. ಇರುವೆ ಸುತ್ತು ಹಾಕಿತು, ಮತ್ತೆ ಅಲ್ಲಿಗೇ ಬಂತು, ಇನ್ನೂ ದೊಡ್ಡ ಸುತ್ತು ಹಾಕಿತು. ಮೈದುನ ಕೈಯಿಂದಲೇ ಮರಳು ಬಗೆದ. ಏನೂ ಇಲ್ಲ. ಅಷ್ಟರಲ್ಲಿ ಬಾನಂಚಿನಲ್ಲಿ ಕಂದು ಗೋಡೆ ಎದ್ದಿತು.

"ಮೇಡಂ, ಧೂಳು ಬರ್ತಿದೆ. ಹತ್ತಿ ಗಾಡಿ," ಎಂದ ನಿಧಾನಪ್ಪ.

ಆಕೆ ಅಲುಗಲಿಲ್ಲ. ಮನೆ ಇರಬೇಕಾದ ಜಾಗದಲ್ಲಿ ಮನೆ ಇಲ್ಲದೆ ಸುತ್ತುವ ಆ ಜೀವವನ್ನು ನೋಡುತ್ತ ಕೂತುಬಿಟ್ಟಳು. ಮೂರು ವರ್ಷದಿಂದ ಆಕೆಯೂ ಸಂಜೆಯಾದರೆ ಗೇಟಿನ ತನಕ ಹೋಗಿ ಬರುತ್ತಿದ್ದಳು. ಅವನು ಬೇಕಿತ್ತು. ನಕ್ಷೆಗಲ್ಲ, ಇರುವೆಗಲ್ಲ, ಸುಮ್ಮನೆ ಎದುರಿಗೆ ಬೇಕಿತ್ತು. ಕಣ್ಣು ತುಂಬಿತು.

ಮೈದುನ ಗುದ್ದಲಿ ಎಲ್ಲಿ ಎಂದು ಕೇಳಿದ. ಆಕೆ ತಿರುಗಿ ನೋಡಿದಳು. ಗುದ್ದಲಿ ಎಲ್ಲೋ ದೂರದಲ್ಲಿ, ಇರುವೆ ಹಿಡಿದ ಜಾಗದಲ್ಲೇ ಬಿದ್ದಿತ್ತು. ಹಣೆ ಚಚ್ಚಿಕೊಂಡಳು.

"ಅಯ್ಯೋ, ಇದು ಸರಿಯಾಗೇ ಓಡಿದೆ ಕಣೋ. ಗೂಡು ಯಾವ ದಿಕ್ಕಿಗೆ, ಎಷ್ಟು ದೂರ ಅಂತ ಲೆಕ್ಕ ಇಟ್ಕೊಂಡೇ ಓಡೋ ಜಾತಿ ಇದು. ನಾನು ಎತ್ತಿದ್ದು ಅಲ್ಲಿ, ಬಿಟ್ಟಿದ್ದು ಜೀಪಿನ ಹತ್ರ. ಪಾಪ, ಇದಕ್ಕೇನು ಗೊತ್ತು?"

ಸರ್ವೇಯರನಿಗೆ ಅಷ್ಟು ಸಾಕಾಯಿತು. ಜೀಪಿನಿಂದ ಇರುವೆ ನಿಂತಲ್ಲಿಗೆ ದಿಕ್ಕು ನೋಡಿದ, ಪಟ್ಟಿ ಎಳೆದು ದೂರ ಅಳೆದ. ಗುದ್ದಲಿಯ ಬಳಿಗೆ ಓಡಿ ಪಟ್ಟಿಯ ತುದಿಗೆ ಕಲ್ಲು ಹೇರಿ, ಅದೇ ದಿಕ್ಕಿಗೆ ಅಷ್ಟೇ ದೂರ ಎಳೆದ. ಗಾಳಿ ಬೀಸತೊಡಗಿತ್ತು. ಆಕೆ ಗುದ್ದಲಿ ಹಿಡಿದು ಹಿಂದೆಯೇ ಓಡಿದಳು.

ಪಟ್ಟಿ ಮುಗಿದಲ್ಲಿ ಒಂದು ಚಪ್ಪಟೆ ಕಲ್ಲು.

ಮೀಟಿದಳು.

ಬೆಳ್ಳಿಕಾಲುಗಳು ಉಕ್ಕಿ ಬಂದವು. ದೊಡ್ಡವು, ಚಿಕ್ಕವು, ಬಿಳಿ ಮರಿಗಳನ್ನು ಹೊತ್ತವು. ಎರಡು ಸೀಸೆ ತುಂಬಿ, ಕಲ್ಲನ್ನು ಮೊದಲಿನಂತೆ ಮುಚ್ಚುವಷ್ಟರಲ್ಲಿ ಧೂಳು ಮುಗಿಬಿತ್ತು. ತಮ್ಮ ಕೈ ತಮಗೆ ಕಾಣಲಿಲ್ಲ. ಪಟ್ಟಿ ಹಿಡಿದು ತೆವಳಿದರು. ಅದು ಮುಗಿದ ಮೇಲೆ ನಿಧಾನಪ್ಪ ಬಿಡದೆ ಒತ್ತುತ್ತಿದ್ದ ಹಾರ್ನ್ ಕಡೆಗೆ ತೆವಳಿದರು. ಜೀಪಿನೊಳಗೆ ಒದ್ದೆ ಬಟ್ಟೆ ಮುಖಕ್ಕೆ ಮುಚ್ಚಿ, ಸೀಸೆಗಳನ್ನು ಮಡಿಲಲ್ಲಿಟ್ಟು, ಆಕೆ ಗಾಳಿ ಇಳಿಯುವವರೆಗೂ ಬಿಗಿಹಿಡಿದು ಕೂತಿದ್ದಳು.

ಊರಿಗೆ ಮರಳಿದ ಮಾರನೆಯ ದಿನ ಮುಖ್ಯಸ್ಥರು ಸೂಕ್ಷ್ಮದರ್ಶಕದಲ್ಲಿ ನೋಡಿ, ಅನುಮಾನವೇ ಇಲ್ಲ ಎಂದು ತಲೆಯಾಡಿಸಿದರು. ಆಕೆ ಪ್ರಶ್ನೆಚಿಹ್ನೆಯನ್ನು ರಬ್ಬರಿನಿಂದ ಉಜ್ಜಿದಳು. ಎದುರಿನ ಕುರ್ಚಿಯಲ್ಲಿ ಮೈದುನ ಕಾಫಿ ಕುಡಿಯುತ್ತಿದ್ದ.

"ನಿಮ್ಮಣ್ಣ ಇದ್ದಿದ್ರೆ ಈಗ ಏನಂತಿದ್ರು?"

"ಇನ್ನೇನು ಅತ್ತಿಗೆ, ನಾನು ಆಗ್ಲೇ ಹೇಳ್ಲಿಲ್ವಾ ಅಂತ ತಿಂಗಳುಗಟ್ಲೆ ತಲೆ ತಿಂತಿದ್ದ."

"ಅವ್ರ ಥರಾನೇ ಒಂದ್ಸಲ ಹೇಳು."

ಅವನು ಲೋಟ ಕೆಳಗಿಟ್ಟ. ಅಣ್ಣನ ಹಾಗೆಯೇ ಕುರ್ಚಿಗೆ ಒರಗಿ, ಕೈಕಟ್ಟಿ, ಹುಬ್ಬೇರಿಸಿದ.

"ನಾನು ಆಗ್ಲೇ ಹೇಳ್ಲಿಲ್ವಾ?"

"ಹೇಳಿದ್ರಿ," ಎಂದಳು ಆಕೆ. "ನೀವೇ ಸರಿ."