ಏಳನೇ ಓಣಿಯ ನೀರಿನ ನಕ್ಷೆ

"ಮಣ್ಣು ಹನ್ನೆರಡು ಪಿಕಪ್, ಮೂವತ್ತು ಲಕ್ಷ ರೂಪಿಯಾ. ಸಿಮೆಂಟು ಎಂಟು ಚೀಲ, ಐದು ಲಕ್ಷ. ಕೂಲಿ ಬೇರೆ," ಎಂದು ಗಾರೆಯವ ಪಾಕ್ ಸರ್ಜಿತೊ ಕರಣೆಯಿಂದ ನೆಲ ತಟ್ಟುತ್ತಾ ಲೆಕ್ಕ ಹೇಳಿದರು.

"ನನ್ನ ತಲೇನೂ ಲೆಕ್ಕಕ್ಕೆ ಹಿಡಿಯಪ್ಪಾ," ಎಂದರು ಮನೆಯೊಡತಿ ಬು ಪೈನೆಮ್. "ಇನ್ನೊಂದ್ ಸಲ ನೆಲ ಎತ್ತರಿಸಿದ್ರೆ ಫ್ಯಾನು ನನ್ ಕೂದ್ಲು ಬಾಚುತ್ತೆ!"

ಹಿರಿಯರನ್ನು ಗೌರವದಿಂದ ಪಾಕ್, ಬು ಎಂದು ಕರೆಯುವ ಕಡಲತೀರದ ಊರು ಸೆಮಾರಾಂಗ್‌ನ ಏಳನೇ ಓಣಿಯಲ್ಲಿ ಹೀಗೇ. ಹುಣ್ಣಿಮೆಗೆ ಸಮುದ್ರ ಉಕ್ಕಿ ರೋಬ್ ಎಂಬ ಉಬ್ಬರದ ನೀರು ಮನೆಗೆ ನುಗ್ಗುತ್ತದೆ. ಭೂಮಿಯೂ ವರ್ಷವರ್ಷ ಕುಸಿಯುತ್ತದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಮಣ್ಣು ತುಂಬಿ ಮನೆಯ ನೆಲ ಎತ್ತರಿಸಬೇಕು. ಸೂರು ಮಾತ್ರ ಇದ್ದಲ್ಲೇ ಇರುತ್ತದೆ.

"ಅಪ್ಪಾ, ಮ್ಯಾಪ್ ಮುಗೀತು!"

ಸರ್ಜಿತೊ ಅವರ ಮಗಳು ವೆನಿಂಗ್ ಬಾಗಿಲಲ್ಲೇ ನಿಂತು ದೊಡ್ಡ ಡ್ರಾಯಿಂಗ್ ಶೀಟ್ ಬಿಚ್ಚಿದಳು. ಅವಳ ಕ್ಲಾಸಿನ ಗಲಾಂಗ್ ಇನ್ನೊಂದು ತುದಿ ಹಿಡಿದುಕೊಂಡ.

ಮುಂದಿನ ಇಪ್ಪತ್ತು ವರ್ಷಕ್ಕೆ ಯಾವ ರಸ್ತೆ ಎತ್ತರಿಸಬೇಕು, ನೀರೆತ್ತುವ ಪಂಪು ಎಲ್ಲಿಡಬೇಕು ಎಂದು ಗೊತ್ತುಮಾಡಲು ನಗರ ಕಚೇರಿಯವರು ನಾಳೆ ಬರುವವರಿದ್ದರು. ಯಾವ ಮನೆಗೆ ಎಷ್ಟು ನೀರು ನುಗ್ಗುತ್ತದೆ ಎಂಬ ನಕ್ಷೆ ಮಾಡುವುದು ಐದನೇ ಕ್ಲಾಸಿನ ಕೆಲಸ. ವೆನಿಂಗ್ ಬಣ್ಣ ತುಂಬಿದರೆ ಗೆರೆ ದಾಟುವುದಿಲ್ಲವೆಂದು ಟೀಚರ್ ಅವಳಿಗೇ ಅದನ್ನು ಒಪ್ಪಿಸಿದ್ದರು.

"ನನ್ ಮನೆ ಎಲ್ಲಿದೆ?" ಬು ಪೈನೆಮ್ ಬಗ್ಗಿ ನೋಡಿದರು.

"ಇಲ್ಲಿ, ನೀಲಿ ಬಣ್ಣ. ನೀಲಿ ಅಂದ್ರೆ ನೀರು ಕಮ್ಮಿ, ಕೆಂಪು ಅಂದ್ರೆ ಜಾಸ್ತಿ."

"ನಮ್ದು ಕೆಂಪು!" ಎಂದ ಗಲಾಂಗ್, ಬಹುಮಾನ ಬಂದವನಂತೆ. ಅವನ ಮನೆ ದೊಡ್ಡ ರಸ್ತೆಯ ಪಕ್ಕದ ಒಂದನೇ ಓಣಿಯಲ್ಲಿತ್ತು.

"ನಂಗೆ ನೀರು ಕಮ್ಮಿಯಾ?" ಬು ಪೈನೆಮ್ ಜೋರಾಗಿ ನಕ್ಕರು. "ಲೇ ಹುಡುಗೀ, ಎಲ್ಲಿಂದ ಅಳೆದೆ?"

"ನೆಲದಿಂದ. ಗೋಡೆ ಮೇಲೆ ನೀರಿನ ಕಲೆ ಇತ್ತಲ್ಲ, ಅಲ್ಲೀವರೆಗೆ. ಹೋದ ವಾರ. ಬರೀ ನಾಲ್ಕು ಬೆರಳು."

"ಆ ನೆಲದ ಕೆಳಗೆ ಇನ್ನೂ ಮೂರು ನೆಲ ಇವೆಯಮ್ಮಾ! ಎಲ್ಲಕ್ಕಿಂತ ಕೆಳಗಿರೋದು ಕೆಂಪು ಟೈಲ್ಸು, ನನ್ ಮದುವೇಗೆ ಹಾಕ್ಸಿದ್ದು. ನಿಮ್ಮಪ್ಪನೇ ಹೂತುಹಾಕಿದ್ದು."

ವೆನಿಂಗ್ ಸುತ್ತ ನೋಡಿದಳು. ಕಿಟಕಿಯ ಕಟ್ಟೆ ಅವಳ ಮೊಣಕಾಲಿನ ಮಟ್ಟಕ್ಕಿತ್ತು. ಈ ಓಣಿಯ ಮನೆಗಳೆಲ್ಲ ಹೀಗೇ. ಒಂದನೇ ಓಣಿಯಲ್ಲಿ ಜಾಗವೇ ಎತ್ತರ, ಅಲ್ಲಿ ಯಾರೂ ಮಣ್ಣು ತುಂಬಿಸಿರಲಿಲ್ಲ. ಅದಕ್ಕೇ ಅಲ್ಲಿ ಬಂದ ಸ್ವಲ್ಪ ನೀರೂ ಜಾಸ್ತಿಯಾಗಿ ಕಂಡಿತ್ತು.

ಅವಳ ಕಿವಿ ಬಿಸಿಯಾಯಿತು. "ಅಪ್ಪಾ, ಮ್ಯಾಪ್ ಪೂರ್ತಿ ಉಲ್ಟಾ ಆಗಿದೆ. ಪಂಪು ಒಂದನೇ ಓಣಿಗೆ ಹೋಗಿಬಿಡುತ್ತೆ."

"ಬಿಡೇ," ಎಂದ ಗಲಾಂಗ್. "ಟೀಚರ್ ವೆರಿ ಗುಡ್ ಅಂದಾಯ್ತಲ್ಲ. ನಮ್ಮನೇಗೂ ನೀರು ಬಂದಿತ್ತು, ಅದೇನ್ ಸುಳ್ಳಾ?"

ಸುಳ್ಳಲ್ಲ. ವೆನಿಂಗ್ ಅಪ್ಪನತ್ತ ತಿರುಗಿದಳು.

ಪಾಕ್ ಸರ್ಜಿತೊ ಕರಣೆ ಕೆಳಗಿಟ್ಟರು. "ಗಲಾಂಗ್, ನಿಮ್ಮ ಓಣಿ ನೀರು ಕೊನೆಗೆ ಎಲ್ಲಿಗೆ ಹೋಗುತ್ತೋ?"

"ಇಲ್ಲಿಗೇ, ಪಾಕ್."

"ಪಂಪು ನಿಮ್ಮಲ್ಲಿಟ್ರೆ ಇಲ್ಲಿನ ನೀರು ಮೇಲಕ್ಕೆ ಹತ್ತಿಕೊಂಡು ಬರುತ್ತಾ? ತಗ್ಗಲ್ಲಿಟ್ರೆ ನಿಮ್ಮ ನೀರೂ ಇಳಿದು ಬರುತ್ತೆ, ಇಬ್ಬರಿಗೂ ಆಯ್ತು."

ಗಲಾಂಗ್ ತಲೆ ಕೆರೆದುಕೊಂಡ. "ಹೌದಲ್ವಾ... ಹಾಗಾದ್ರೆ ಮತ್ತೆ ಅಳೆಯೋದು ಹೆಂಗೆ? ಒಂದೊಂದು ಮನೆ ನೆಲ ಒಂದೊಂದು ಎತ್ತರ!"

"ಕಲಸಿದ ಸಿಮೆಂಟು ಬಿಟ್ಟು ನಾನು ಬರೋಹಾಗಿಲ್ಲ. ಪೈಪ್ ತಗೊಂಡ್ಹೋಗಿ," ಎಂದರು ಸರ್ಜಿತೊ.

ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪದು. ಒಳಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ, ಎಷ್ಟೇ ದೂರವಿರಲಿ, ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಚೆನ್ನಾಗಿ ಕಾಣಲೆಂದು ಬು ಪೈನೆಮ್ ಅದಕ್ಕೆ ಕೆಂಪು ಶರಬತ್ತು ಬೆರೆಸಿಕೊಟ್ಟರು.

ಮಸೀದಿಯ ಕಂಬದ ಮೇಲೆ ವೆನಿಂಗ್ ಸೀಮೆಸುಣ್ಣದ ಗೆರೆ ಎಳೆದಳು. ಅಲ್ಲಿಂದ ಇಬ್ಬರೂ ಪೈಪ್ ಹಿಡಿದು ಅದೇ ಮಟ್ಟದ ಗೆರೆಯನ್ನು ಮನೆಯಿಂದ ಮನೆಗೆ ದಾಟಿಸುತ್ತಾ ಹೊರಟರು. ಓಣಿಯ ದಾರಿಗೆ ಮಾತ್ರ ಯಾರೂ ಮಣ್ಣು ತುಂಬಿಸಿರಲಿಲ್ಲ. ಹಾಗಾಗಿ ಪ್ರತಿ ಬಾಗಿಲ ಮುಂದೆ ಗೆರೆಯಿಂದ ಓಣಿಯ ನೆಲಕ್ಕೆ ಟೇಪು ಹಿಡಿದರು.

"ಇನ್ನೂ ಸ್ವಲ್ಪ ಮೇಲೆ! ಅಲ್ಲಾಡಿಸ್ಬೇಡ ಕಣೋ!"

"ಗುಳ್ಳೆ ಬಂದಿದೆ ಕಣೇ, ತಡಿ, ಎಳೀತೀನಿ." ಗಲಾಂಗ್ ಪೈಪಿಗೆ ಬಾಯಿಟ್ಟ.

"ಲೋ, ಅಳತೆ ಕುಡೀಬೇಡ!"

"ಸಕ್ಕರೆ ಕಮ್ಮಿಯಾಗಿದೆ," ಎಂದ ಅವನು ತುಟಿ ಒರೆಸಿಕೊಂಡು.

ಒಂದನೇ ಓಣಿಯಲ್ಲಿ ಟೇಪು ತೊಂಬತ್ತು ಸೆಂಟಿಮೀಟರ್ ಎಂದಿತು. ಏಳನೇ ಓಣಿಯ ತುದಿಯಲ್ಲಿ ನೂರ ಐವತ್ತೆರಡು, ಅಂದರೆ ಅರವತ್ತೆರಡು ಸೆಂಟಿಮೀಟರ್ ತಗ್ಗು. ಸಂಜೆಯ ಬಾಂಗ್ ಕೇಳುವಷ್ಟರಲ್ಲಿ ಐವತ್ತಮೂರು ಮನೆ ಮುಗಿದಿದ್ದವು.

ಹೊಸ ನಕ್ಷೆ ಬಿಡಿಸಲು ಹೊತ್ತಿರಲಿಲ್ಲ. ವೆನಿಂಗ್ ಹಳೆಯದರ ಮೇಲೇ ಪೆನ್ನಿನಿಂದ ಅಂಕಿ ಬರೆದಳು. ಅಂದವಾದ ನೀಲಿಯ ಮೇಲೆ ಕೆಂಪು ಉಜ್ಜಿದಾಗ ಅದು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಉಜ್ಜುವಾಗ ಅವಳಿಗೆ ಅಳು ಬಂತು. ಆದರೂ ಉಜ್ಜಿದಳು.

ಮರುದಿನ ಸಭೆಯಲ್ಲಿ ಟೀಚರ್ ನಕ್ಷೆ ನೋಡಿ, "ಅಯ್ಯೋ, ಏನಾಯ್ತೇ ಇದಕ್ಕೆ?" ಎಂದರು.

"ನಾನು ತಪ್ಪು ಅಳೆದಿದ್ದೆ, ಟೀಚರ್. ನೆಲದಿಂದ ಅಳೆಯಬಾರದಿತ್ತು." ವೆನಿಂಗ್ ಎಲ್ಲರ ಮುಂದೆ ಪೈಪಿನ ಕತೆ ಹೇಳಿದಳು.

ನಗರ ಕಚೇರಿಯಿಂದ ಬಂದ ಹೆಂಗಸು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಂಕಿ ಓದಿದರು. ಆಮೇಲೆ ತಮ್ಮ ದೊಡ್ಡ ಹಾಳೆಯಲ್ಲಿ ಒಂದನೇ ಓಣಿಯ ಹತ್ತಿರವಿದ್ದ ಪಂಪಿನ ಗುರುತು ಅಳಿಸಿ ಏಳನೇ ಓಣಿಯ ತುದಿಯಲ್ಲಿ ಬರೆದರು.

"ಯಾವಾಗ ಬರುತ್ತೆ?" ವೆನಿಂಗ್ ಕೇಳಿದಳು.

"ಪಂಪು ನಾಲ್ಕು ವರ್ಷಕ್ಕೆ. ಓಣಿ ಎತ್ತರಿಸೋದು ಏಳು ವರ್ಷಕ್ಕೆ."

"ಅಷ್ಟು ಹೊತ್ತಿಗೆ ನಂಗೆ ಮೀಸೆ ಬಂದಿರುತ್ತೆ!" ಎಂದ ಗಲಾಂಗ್. ಎಲ್ಲರೂ ನಕ್ಕರು.

ವೆನಿಂಗ್ ನಗಲಿಲ್ಲ, ಲೆಕ್ಕ ಹಾಕುತ್ತಿದ್ದಳು. ನಾಲ್ಕು ವರ್ಷಕ್ಕೆ ತನಗೆ ಹದಿನಾಲ್ಕು, ಏಳಕ್ಕೆ ಹದಿನೇಳು. ಅಲ್ಲಿಯವರೆಗೆ ಹುಣ್ಣಿಮೆ ನೀರು ಬರುತ್ತಲೇ ಇರುತ್ತದೆ. ನಾಳೆಯೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು ಅವಳು. ಯೋಜನೆ ಎಂದರೆ ಅದಲ್ಲ ಎಂದು ಈಗ ಗೊತ್ತಾಯಿತು. ಆದರೂ ಬೇಸರವಾಗಲಿಲ್ಲ.

ಅವಳ ಚಂದದ ನಕ್ಷೆ ಹಾಳಾಗಿತ್ತು. ಪಂಪಿನ ಗುರುತು ಸರಿಯಾದ ಜಾಗಕ್ಕೆ ಬಂದಿತ್ತು.