ಮಳೆಗಾಲದ ಬೀಗ

ಶಿವರಾತ್ರಿ ಕಳೆದು ಎಂಟು ದಿನವಾಗಿತ್ತು. ಗುರುವಾರ, ಬೆಳಿಗ್ಗೆ ಹತ್ತರ ಹೊತ್ತು; ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಚಾಮರಾಜನಗರದ ಗೌಸ್ ಮೊಹಿದ್ದೀನನ ಪಾಲಿಶ್ ಅಂಗಡಿಯಲ್ಲಿ ಉಮ್ಮತ್ತೂರಿನ ಮಲ್ಲಿಗಮ್ಮ ತನ್ನ ಅತ್ತೆಯ ಕಾಲದ ಹಲಸಿನ ಪೆಟ್ಟಿಗೆಯ ಮುಂದೆ ಕೂತು, ಒಳಗಿನ ಕಳ್ಳಖಾನೆಗೆ ಕೈ ಹಾಕಿದಳು. ಬೆರಳು ಸೋಕಿದ್ದೇ ತಡ, ಖಾನೆ ಸರ್ರನೆ ಈಚೆ ಬಂತು.

ಖಾಲಿ.

ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡೆಳೆ ಸರ ಇಲ್ಲ. ಬಟ್ಟೆಯೂ ಇಲ್ಲ.

ಪೆಟ್ಟಿಗೆ ಬಂದಿದ್ದು ಪಾಲಿಶಿಗೆ. ಮಲ್ಲಿಗಮ್ಮನ ಕಿರಿಮಗಳು ಭವ್ಯಳ ಮದುವೆ ಗೊತ್ತಾಗಿತ್ತು. ಪೆಟ್ಟಿಗೆ, ಸರ, ಎರಡೂ ಅವಳಿಗೆ. ಕೆಲಸ ಹಿಡಿಯುವ ಮೊದಲು ಒಳಗಿನದನ್ನೆಲ್ಲ ನಿಮ್ಮ ಕೈಯಾರೆ ತೆಗೆದುಕೊಳ್ಳಿ ಅಂತ ಗೌಸನೇ ಹೇಳಿದ್ದ.

ನಾನು ಬಡಗಿ ಚಿಕ್ಕಬಸವಯ್ಯ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಉಜ್ಜುಗೊರಡು ಹಿಡಿದವನು. ಉಮ್ಮತ್ತೂರಿಂದ ಬಸ್ಸಿಗೆ ಬಂದು ಈ ಅಂಗಡಿಯಲ್ಲಿ ಮುರಿದ ಕಾಲು, ಸಡಿಲಾದ ಕೀಲು ಕೂರಿಸುತ್ತೇನೆ. ಗೌಸ್ ಪಾಲಿಶ್ ಮಾಡುತ್ತಾನೆ. ಮೂವತ್ತು ವರ್ಷ ಒಂದೇ ನೆರಳಲ್ಲಿ ಕೂತವರು ನಾವು.

ಮಲ್ಲಿಗಮ್ಮನ ಜೊತೆ ಇಬ್ಬರು ಬಂದಿದ್ದರು. ಒಬ್ಬ, ಟೆಂಪೋ ಮಾಡಿಕೊಂಡು ಪೆಟ್ಟಿಗೆ ತಂದ ಶಿವಸ್ವಾಮಿ, ಅವಳ ಮೈದುನನ ಮಗ. ಇನ್ನೊಬ್ಬಳು ಮನೆಗೆಲಸದ ಭಾಗ್ಯ, ಚಂದಕವಾಡಿಯವಳು, ಗಂಡ ಇಲ್ಲ.

ಶಿವಸ್ವಾಮಿ ಖಾನೆಯ ಕಡೆ ತಿರುಗಿಯೂ ನೋಡಲಿಲ್ಲ. ಭಾಗ್ಯಳನ್ನು ನೋಡಿದ.

“ಇನ್ನೇನ್ ಯೋಚ್ನೆ ಮಾಡೀಯೆ ದೊಡ್ಡವ್ವ? ಮನೆ ಗುಡ್ಸೋರ್ ಯಾರು, ಪೆಟ್ಟಿಗೆ ಒರ್ಸೋರ್ ಯಾರು? ಸ್ಟೇಷನ್ನಿಗೆ ಓಗನ ನಡಿ.”

ಭಾಗ್ಯ ಅಳಲಿಲ್ಲ. ಪೆಟ್ಟಿಗೆ ಒರೆಸಲು ತಂದಿದ್ದ ಬಟ್ಟೆಯನ್ನು ಮಡಿಸಿ ಕೆಳಗಿಟ್ಟಳು. “ನಾನ್ ಮೇಲ್ಗಡೆ ಒರ್ಸಿವ್ನಿ ಕಣವ್ವ. ಒಳಗೊಂದು ಖಾನೆ ಅದೆ ಅಂತ ಗೊತ್ತಾಗಿದ್ದೇ ಈಗ. ಕಳ್ಳಿ ಅನ್ನುಸ್ಕೊಂಡು ಸ್ಟೇಷನ್ ಮೆಟ್ಲು ಅತ್ತಿದ್ಮೇಲೆ ಇನ್ ಯಾರ ಮನೆ ಬಾಗ್ಲು ತಗೀತದೆ ನಂಗೆ?”

ಮಲ್ಲಿಗಮ್ಮ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ.

ಗೌಸ್ ಕೈ ಒರೆಸಿಕೊಂಡು ಎದ್ದ. “ಸ್ಟೇಷನ್ ಎಲ್ಲಿಗೂ ಓಡೋಗಲ್ಲ ಶಿವಸ್ವಾಮಿ. ಪಾಲಿಶ್‌ಗೆ ಮುಂಚೆ ಮರ ನೋಡೋದು ನನ್ ಪದ್ಧತಿ. ಅರ್ಧ ಗಂಟೆ ಕೊಡು.”

ಅವನ ಪದ್ಧತಿ ನನಗೆ ಗೊತ್ತು. ಹಳೆಯ ಸಾಮಾನು ಬಂದರೆ ಬೇರೆಯವರು ಮೊದಲು ಉಪ್ಪುಕಾಗದ ಹಿಡಿದು ತಿಕ್ಕಲು ಕೂರುತ್ತಾರೆ. ಗೌಸ್ ಹಾಗಲ್ಲ. ಕಾಣದ ಮೂಲೆಯೊಂದರಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ಕಾಯುತ್ತಾನೆ. ಹತ್ತಿಗೆ ಅಂಟು ಬಂದರೆ ಅರಗಿನ ಪಾಲಿಶ್. ಕೆರೆಯಬೇಕಾಗಿಲ್ಲ, ಕರಗಿಸಿದರೆ ಸಾಕು. ತಿಕ್ಕಿ ತೆಗೆದ ಬಣ್ಣ ಮತ್ತೆ ಬರುವುದಿಲ್ಲ, ಕಾಯುವುದರಿಂದ ಏನೂ ಹೋಗುವುದಿಲ್ಲ ಅನ್ನುತ್ತಾನೆ. ಅವತ್ತು ಮನುಷ್ಯರ ಜೊತೆಯೂ ಹಾಗೇ ಮಾಡಿದ.

ಸರ ಯಾವಾಗ ಇಟ್ಟಿರಿ ಅಂತ ಮಲ್ಲಿಗಮ್ಮನನ್ನು ಕೇಳಿದ. ಹೋದ ಯುಗಾದಿಗೆ ಅಂದಳು. ಆಮೇಲೆ ತೆಗೆದೇ ಇಲ್ಲವೇ? ಇಲ್ಲ. ಖಾನೆಗೆ ಬೀಗ?

“ಬೀಗ ಎಲ್ಲದೆ? ಮಳೆ ಬಿದ್ರೆ ಆ ಖಾನೆ ಕಚ್ಕೊಂಬುಡ್ತದೆ. ‘ಬೀಗ ಯಾಕಮ್ಮಿ, ಮಳೇನೆ ಬೀಗ’ ಅಂತಿದ್ರು ನಮ್ಮತ್ತೆ. ಬಿಸ್ಲುಕಾಲ್ದಲ್ಲೂ ಅಂಗೈಲಿ ಒಂದೇಟು ಕೊಟ್ಟೇ ತಗೀಬೇಕು.”

“ಇವತ್ತು ಏಟು ಕೊಟ್ರಾ ಅಮ್ಮ?”

ಮಲ್ಲಿಗಮ್ಮ ತನ್ನ ಅಂಗೈ ನೋಡಿಕೊಂಡಳು. “ಇಲ್ಲ.”

ಭಾಗ್ಯ ಕೆಲಸಕ್ಕೆ ಸೇರಿದ್ದು ಯಾವಾಗ? ಸಂಕ್ರಾಂತಿಯ ಮಾರನೇ ದಿನ. ಮನೆ ಖಾಲಿ ಇದ್ದದ್ದು ಉಂಟಾ? ಉಂಟು, ಗುಂಡ್ಲುಪೇಟೆಯಲ್ಲಿರುವ ದೊಡ್ಡಮಗಳ ಬಾಣಂತನಕ್ಕೆ ಮಲ್ಲಿಗಮ್ಮ ಭವ್ಯಳನ್ನೂ ಕರೆದುಕೊಂಡು ಮಹಾಲಯ ಅಮಾವಾಸ್ಯೆಗೆ ಹೋದವಳು, ಕಾರ್ತಿಕ ಮುಗಿಸಿ ಬಂದದ್ದು. ಮನೆಯ ಕೀಲಿಕೈ? ಶಿವಸ್ವಾಮಿಯ ಹತ್ತಿರ, ದೀಪ ಹಚ್ಚಲಿ ಅಂತ.

ಗೌಸ್ ಖಾನೆಯನ್ನು ಹಾಗೇ ಒಳಕ್ಕೆ ತಳ್ಳಿದ. ಮದುವೆಯ ಲಗ್ನಪತ್ರಿಕೆ ಒಂದನ್ನು ಕೇಳಿ ಇಸಕೊಂಡು, ಖಾನೆಯ ಮೇಲಿನ ಸಂದಿಗೆ ತೂರಿಸಿದ. ಹೋಯಿತು. ಮಡಿಸಿ ತೂರಿಸಿದ. ಹೋಯಿತು. ನಾಲ್ಕು ಮಡಿಕೆ ಮಾಡಿದ. ಅದೂ ಹೋಯಿತು.

“ಇಷ್ಟೊತ್ತು ಎಲ್ರೂ ಖಾನೆ ಒಳ್ಗಡೆ ನೋಡಿದ್ವಿ,” ಅಂದ. “ಇದರ ಅಂಚು ಯಾರೂ ನೋಡ್ಲಿಲ್ಲ.”

ಖಾನೆಯನ್ನು ಪೂರ್ತಿ ಹೊರಗೆಳೆದು ಬಿಸಿಲಿಗೆ ಹಿಡಿದ. ಹಲಸಿನ ಮರ ಹೊಸದರಲ್ಲಿ ಹಳದಿ, ವರ್ಷಗಳು ಕಳೆದಂತೆ ಕೆಂಪಾಗಿ ಕಂದುತ್ತದೆ. ಖಾನೆಯ ಬದಿಯೆಲ್ಲ ಕಂದು. ಮೇಲಂಚು ಮಾತ್ರ ಹಳದಿ.

“ಯಾರೋ ಉಜ್ಜವ್ರೆ. ಯಾವಾಗ? ಬಿಸ್ಲುಕಾಲ್ದಲ್ಲಿ ಉಜ್ಜೋ ಕೆಲ್ಸ ಯಾಕೆ, ಏಟು ಕೊಟ್ರೆ ಬರುತ್ತಲ್ಲ? ಮಳೇಲಿ ಬಂದವ್ನು ಮೀಟಿ ಕಿತ್ತ. ಸರ ಎತ್ಕೊಂಡ. ವಾಪಸ್ ಇಡಕ್ಕೆ ಹೋದ್ರೆ ಊದಿರೋ ಮರ ಒಳಗೆ ಕೂರ್ಲಿಲ್ಲ. ಹಂಗೇ ಬಿಟ್ರೆ ಸಿಕ್ಕಾಕ್ಕೊಳ್ತಾನೆ. ಅದಕ್ಕೇ ಉಜ್ಜಿ ಕೂರಿಸ್ದ. ಬೇಸಿಗೇಲಿ ಮರ ಸೊರಗ್ತು, ಸಂದಿ ಬಾಯ್ಬಿಡ್ತು. ಮಳೆಗಾಲ್ದಲ್ಲಿ ಈ ಭಾಗ್ಯಮ್ಮ ನಿಮ್ಮ ಮನೆ ಹೊಸಿಲೇ ತುಳಿದಿರ್ಲಿಲ್ಲ.”

ಆಮೇಲೆ ಖಾನೆಯನ್ನು ನನ್ನ ಕೈಗೆ ಕೊಟ್ಟ. ಅವನ ಮುಖದಲ್ಲಿ ಒಂಥರಾ ಸಂಕಟ ಇತ್ತು.

“ಬಸವಣ್ಣ, ಉಗುರು ಆಡ್ಸಿ ನೋಡು.”

ಆಡಿಸಿದೆ. ಅಂಚಿನ ಉದ್ದಕ್ಕೂ ನೂಲಿನಂಥ ಒಂದು ಉಬ್ಬುಗೆರೆ. ಗೊರಡಿನ ಅಲಗಿನಲ್ಲಿ ಮುಕ್ಕು ಇದ್ದರೆ ಹಾಗೆ ಬೀಳುತ್ತದೆ. ನನ್ನ ಗೊರಡು ಹೋದ ಆಷಾಢದಲ್ಲಿ ಹಳೇ ಬಾಗಿಲೊಂದರ ಮೊಳೆಗೆ ತಾಗಿ ಮುಕ್ಕಾಗಿತ್ತು. ಸಾಣೆ ಹಿಡಿಯಬೇಕು, ನಾಳೆ ಹಿಡಿಯೋಣ ಅಂತ ಹಾಗೇ ಬಿಟ್ಟಿದ್ದೆ. ಎದ್ದು ಹೋಗಿ ಗೊರಡು ತಂದು ಒಂದು ತುಂಡು ಹಲಗೆಯ ಮೇಲೆ ಉಜ್ಜಿದೆ. ಅದೇ ಗೆರೆ. ಅದೇ ಜಾಗ.

ಶಿವಸ್ವಾಮಿ ನಕ್ಕ. “ಗೊರ್ಡು ನಿಂದು ಅಂದ್ಮೇಲೆ ಕಳ್ಳ ನೀನೇ ಕಣ್ ತಾತ. ಅವ್ಳನ್ನ ಬುಟ್ಟು ನಿನ್ನೇ ಕರ್ಕೊಂಡೋಗ್ಬೇಕಾಯ್ತದೆ.”

ನನಗೆ ಬೇಗ ಮಾತು ಬರುವುದಿಲ್ಲ. ಅವನನ್ನು ನಾನು ಅಂಬೆಗಾಲಿಡುವಾಗಿಂದ ಕಂಡವನು. ಅವನಿಗೆ ಮೂರು ಗಾಲಿಯ ಬಂಡಿ ಮಾಡಿಕೊಟ್ಟವನೂ ನಾನೇ. ಭಾಗ್ಯ ನನ್ನ ಬಾಯನ್ನೇ ನೋಡುತ್ತಿದ್ದಳು.

“ಆಯುಧಪೂಜೆ ಮಾರ್ನೆ ದಿನ,” ಅಂದೆ. “ಗೊರಡಿಗಿಟ್ಟ ಕುಂಕುಮ ಇನ್ನೂ ಅಂಗೇ ಇತ್ತು. ಜಿಟಿಜಿಟಿ ಮಳೆ. ನೀನು ಬಂದು, ಬಚ್ಲು ಬಾಗ್ಲು ಇಡ್ಕೊಂಡದೆ, ಗೊರ್ಡು ಕೊಡು ತಾತ ಅಂದೆ. ಮಳೇಲಿ ಮರ ಉಜ್ಜಬ್ಯಾಡ ಕಣ್ಲಾ, ಬಿಸ್ಲಿಗೆ ಸಡ್ಲ ಆಗೋಯ್ತದೆ, ಮೇಣ್ದಬತ್ತಿ ಸವುರಿ ಸಂಕ್ರಾಂತಿಗಂಟ ಕಾಯಿ ಅಂದೆ. ಪೂಜೆ ಮುಗ್ಸಿರೋ ಆಯುಧ ಇವತ್ತು ಎತ್ತಬಾರ್ದು ಅಂತಾನೂ ಅಂದೆ. ಕೇಳ್ಲಿಲ್ಲ.”

ಗೌಸ್ ಅಂಚನ್ನು ತೋರಿಸಿ ಹೇಳಿದ: “ಇಲ್ಲಿ ನೋಡಿ ಅಮ್ಮ, ನಾರಿಗೆ ಎದುರಾಗಿ ಉಜ್ಜಿ ಮರ ಸಿಬಿರೆದ್ದದೆ. ಬಸವಣ್ಣ ಕಣ್ಣು ಕಟ್ಟಿದ್ರೂ ಹಿಂಗೆ ಉಜ್ಜಲ್ಲ. ಗೊರಡು ಇವನದ್ದು. ಕೈ ಶಿವಸ್ವಾಮಿದು.”

ಮಲ್ಲಿಗಮ್ಮ ಶಿವಸ್ವಾಮಿಯ ಕಡೆ ತಿರುಗಿ ಒಂದೇ ಮಾತು ಹೇಳಿದಳು. “ದೀಪ ಅಚ್ಚು ಅಂತ ಕೀಲಿ ಕೊಟ್ಟೋಗಿದ್ದೆ ಕಣ್ಲಾ ಮಗ.”

ಶಿವಸ್ವಾಮಿ ನೆಲ ನೋಡುತ್ತಾ, ಸರ ಗುಂಡ್ಲುಪೇಟೆಯಲ್ಲಿ ಅಡವಿದೆ, ಬಿಡಿಸಿ ತಂದಿಡಬೇಕು ಅನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು ಅಂದ. ಭಾಗ್ಯಳ ಹೆಸರು ಯಾಕೆ ಹೇಳಿದೆ ಅಂತ ಗೌಸ್ ಕೇಳಿದ. ಅವನು ತಿರುಗಿ ಟೆಂಪೋ ಕಡೆ ನಡೆದ.

ಶನಿವಾರ ಸರ ಮನೆಗೆ ಬಂತು. ಖಾನೆಯ ಅಂಚಿಗೆ ನಾನು ಹಳೇ ಹಲಸಿನದೇ ಒಂದು ಪಟ್ಟಿ ಅಂಟಿಸಿದೆ, ಅಂಗೈಯ ಏಟು ಬೇಕಾಗುವಷ್ಟು ಬಿಗಿಯಾಗಿ. ಅದಕ್ಕೂ ಮೊದಲು ಕೂತು ಅಲಗಿಗೆ ಸಾಣೆ ಹಿಡಿದೆ.

ಮಲ್ಲಿಗಮ್ಮ ಭಾಗ್ಯಳ ಕೈ ಹಿಡಿದು, ಮದುವೆ ಮುಗಿಯುವವರೆಗಾದರೂ ಇರು ಅಂತ ಬೇಡಿಕೊಂಡಳಂತೆ. “ನೀವೇನೂ ಅನ್ನಲಿಲ್ಲ ಕಣವ್ವ,” ಅಂದಳಂತೆ ಭಾಗ್ಯ. “ಅವತ್ತು ಅಂಗಡೀಲೂ ಏನೂ ಅನ್ನಲಿಲ್ಲ.”

ಸೋಮವಾರ ಬೆಳಿಗ್ಗೆ ನಾನು ಹತ್ತಿದ ಬಸ್ಸಿಗೇ ಅವಳೂ ಬಟ್ಟೆ ಚೀಲ ಹಿಡಿದು ಹತ್ತಿದಳು. ಚಾಮರಾಜನಗರದಲ್ಲಿ ಇಳಿದು, ತನ್ನೂರು ಚಂದಕವಾಡಿಯ ಬಸ್ಸಿಗೆ ಹೊರಟುಹೋದಳು.