ಲೀಟರಿಗೆ ನೂರು ಗ್ರಾಂ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಎಂಟೂವರೆಗೆ ಚೆಲುವಮ್ಮ ಸಕಲೇಶಪುರ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿದಾಗ ಹೆಡ್ ಕಾನ್‌ಸ್ಟೇಬಲ್ ಮೃತ್ಯುಂಜಯ ಫೋನಿನಲ್ಲಿ ಆನೆ ಹುಡುಕುತ್ತಿದ್ದ. ಯಾವ ಆನೆ ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತದೆ. ಬೇರೆಯವರು ಎದ್ದೊಡನೆ ದೇವರ ಪಟ ನೋಡಿದರೆ ಈತ ಅದನ್ನು ನೋಡುತ್ತಾನೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕಳ್ಳರನ್ನು ಅಟ್ಟಿದ್ದಾನೆ, ಮರದಿಂದ ಹೆಣ ಇಳಿಸಿದ್ದಾನೆ, ಒಮ್ಮೆ ಮಚ್ಚು ಹಿಡಿದವನ ಕೈಯನ್ನೇ ತಿರುವಿದ್ದಾನೆ. ಆದರೆ ಆನೆ ಎಂದರೆ ಮಾತ್ರ ಮೃತ್ಯುಂಜಯನಿಗೆ ಜೀವಭಯ. ಠಾಣೆಯಲ್ಲಿ ಇದು ಎಲ್ಲರಿಗೂ ಗೊತ್ತು, ಎಲ್ಲರೂ ರೇಗಿಸುತ್ತಾರೆ. ಆವತ್ತಿನ ಸಂದೇಶ ಹೀಗಿತ್ತು: ಹೊಂಗಡಹಳ್ಳದ ಕಡೆ ಒಂಟಿ ಸಲಗ, ಜನ ಎಚ್ಚರ.

"ಸಾರ್, ನನ್ನೆರಡು ಹಸ ಸತ್ತೋಗ್ಬುಟ್ವು," ಎಂದಳು ಚೆಲುವಮ್ಮ. ಹೊಂಗಡಹಳ್ಳದಿಂದ ಮೊದಲ ಬಸ್ಸಿಗೇ ಬಂದಿದ್ದಳು. "ನೆನ್ನೆ ಸಂಜೆ ಮೇವಿಗೋಗಿದ್ವು, ಮನೆಗ್ ಬರ್ನಿಲ್ಲ. ಬೆಳಿಗ್ಗೆ ಹುಡುಕಿದ್ರೆ ತೋಟದ ಬೇಲಿ ಹತ್ರ ಬಿದ್ದವೆ. ಬಾಯೆಲ್ಲ ಹಸಿರು."

"ಹುಲ್ಲು ತಿಂದ್ರೆ ಹಸಿರೇ ಇರ್ತದಲ್ಲಮ್ಮ."

"ಹುಲ್ಲಿನ ಹಸ್ರು ನನಗ್ಗೊತ್ತಿಲ್ವಾ ಸಾರ್? ಇದು ಬಣ್ಣ ಕಣ್ರೀ, ಬಣ್ಣ."

ಸಬ್ ಇನ್‌ಸ್ಪೆಕ್ಟರ್ ಗಗನಾ ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ದೂರನ್ನು ಇನ್ನೊಮ್ಮೆ ಹೇಳಿಸಿ, ಪ್ರಾಣಿಗಳನ್ನು ಕೊಂದ ಮತ್ತು ವಿಷವನ್ನು ಎಚ್ಚರಗೇಡಿಯಾಗಿ ಬಳಸಿದ ಕಲಂಗಳಡಿ ಎಫ್‌ಐಆರ್ ಹಾಕಿಸಿದಳು. ಒಂಬತ್ತಕ್ಕೆ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಚೆಲುವಮ್ಮ, ಪಶುವೈದ್ಯರು, ಮುಂದೆ ಗಗನಾ. ಸ್ಟೀರಿಂಗ್ ಹಿಡಿದ ಮೃತ್ಯುಂಜಯ ಪ್ರತಿ ತಿರುವಿನಲ್ಲೂ ಅಗತ್ಯಕ್ಕಿಂತ ಉದ್ದಕ್ಕೆ ಹಾರ್ನ್ ಹೊಡೆದ.

ಹಸುಗಳು ಬಿದ್ದಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆ, ಮೂರುಕಲ್ಲು ಎಸ್ಟೇಟಿನ ಸೋಲಾರ್ ಬೇಲಿ ಹರಿದಿದ್ದ ಕಡೆ, ನೆಲದಲ್ಲಿ ಒಂದು ಗುಂಡಿ ಇತ್ತು. ಯಾರೋ ಹೊಸದಾಗಿ ತೋಡಿ, ಕಲ್ಲುಪ್ಪು, ಬೆಲ್ಲ ಸುರಿದು, ಮೇಲೆ ಎರಡು ಹಲಸಿನಕಾಯಿ ಸೀಳಿ ಇಟ್ಟಿದ್ದರು. ಉಪ್ಪಿನ ಹರಳೆಲ್ಲ ಹಸಿರು. ಗುಂಡಿಯ ಅಂಚಿನಲ್ಲಿ ಹಸುವಿನ ಗೊರಸಿನ ಗುರುತಿನ ಪಕ್ಕದಲ್ಲೇ ತಟ್ಟೆಯಗಲದ ಹಳೆಯ ಹೆಜ್ಜೆಗಳು ಒಣಗಿ ನಿಂತಿದ್ದವು. ಮೃತ್ಯುಂಜಯ ಅವುಗಳ ಮೇಲೆ ಕಾಲಿಡದೆ ಸುತ್ತಿ ಬಂದ.

"ಇದು ಹಸುವಿಗೆ ಇಟ್ಟಿದ್ದಲ್ಲ," ಎಂದಳು ಗಗನಾ.

"ಅಲ್ಲ ಮೇಡಂ," ಎಂದ ಮೃತ್ಯುಂಜಯ. ಯಾರಿಗೆ ಇಟ್ಟಿದ್ದೆಂದು ಬಾಯಿಬಿಟ್ಟು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಪಶುವೈದ್ಯರು ಉಪ್ಪನ್ನು ಮೂಸಿ ಮುಖ ಹಿಂದೆಳೆದರು. ಕಾಫಿ ತೋಟದಲ್ಲಿ ಕಳೆ ಸುಡಲು ಹೊಡೆಯುವ ಔಷಧಿ, ಅದೂ ನೀರು ಬೆರೆಸದ್ದು ಎಂದರು. ಒಂದು ಮುಚ್ಚಳದಷ್ಟು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದಿಲ್ಲ, ಅದಕ್ಕೆ ಮದ್ದೂ ಇಲ್ಲ ಎಂದರು. ಮೃತ್ಯುಂಜಯನಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಅಂಥ ನಾಲ್ಕು ಸಾವಿನ ಕಡತ ಅವನೇ ಬರೆದಿದ್ದ. ಸ್ಥಳ ಪಂಚನಾಮೆ ಮುಗಿಸಿ, ಉಪ್ಪಿನ ಮಾದರಿ ಸೀಲ್ ಮಾಡಿ, ಗುಂಡಿ ಮುಚ್ಚಿಸಿ, ಅವರು ಎಸ್ಟೇಟಿನ ಸ್ಟೋರಿಗೆ ಹೋದರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುನಿಲ್‌ಕುಮಾರ್ ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ತನ್ನ ಸ್ಟೋರಿನಿಂದ ಒಂದು ತೊಟ್ಟೂ ಹೊರಗೆ ಹೋಗಿಲ್ಲವೆಂದು ಕೇಳುವ ಮೊದಲೇ ಹೇಳಿದ.

"ಹೇಗೆ ಗೊತ್ತು?"

"ತಿಂಗ್ಳಿಗೊಂದ್ಸಲ ತೂಕ ಹಾಕ್ತೀನಿ ಮೇಡಂ. ಮೊನ್ನೆನೂ ಹಾಕಿವ್ನಿ. ಬೇಕಾದ್ರೆ ನಿಮ್ಮೆದುರ್ಗೇ ಹಾಕ್ತೀನಿ."

ಕಾಫಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅವನೊಂದು ಕ್ಯಾನ್ ಎತ್ತಿಟ್ಟ. ಕತ್ತಿನವರೆಗೂ ತುಂಬಿತ್ತು. ಇಪ್ಪತ್ತೊಂದೂವರೆ ಕೆಜಿ ತೋರಿಸಿತು.

"ನೋಡಿ. ಇಪ್ಪತ್ ಲೀಟ್ರು ಕ್ಯಾನು. ಖಾಲಿ ಕ್ಯಾನಿನ ತೂಕ ಒಂದ್ ಕೇಜಿ. ಒಳಗೆ ಇಪ್ಪತ್ತೂವರೆ. ಅರ್ಧ ಕೇಜಿ ಜಾಸ್ತೀನೇ ಐತೆ, ಕಮ್ಮಿ ಎಲ್ಲಾಯ್ತು?"

"ಒಂದು ಲೀಟರ್ ಅಂದ್ರೆ ಒಂದು ಕೆಜಿ ಅಂತ ಯಾರು ಹೇಳಿದ್ರು?"

"ನೀರು, ಹಾಲು ಎಲ್ಲಾ ಹಂಗೇ ಅಲ್ವಾ ಮೇಡಂ?"

ಗಗನಾ ಬಗ್ಗಿ ಲೇಬಲ್ ಓದಿದಳು. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಸಾಂದ್ರತೆ ೧.೧೦ ಎಂದಿತ್ತು. ಸೀಲ್ ಒಡೆಯದ ಇನ್ನೊಂದು ಕ್ಯಾನನ್ನು ತಕ್ಕಡಿಗೆ ಇಡಿಸಿದಳು. ಇಪ್ಪತ್ಮೂರು ಕೆಜಿ. ಎರಡರಲ್ಲೂ ಔಷಧಿಯ ಮಟ್ಟ ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಬೇರೆ. ಸುನಿಲ್‌ಕುಮಾರ್ ತಕ್ಕಡಿಯನ್ನು ಒಮ್ಮೆ ಕುಟ್ಟಿ ನೋಡಿದ. ಅಂಕಿ ಕದಲಲಿಲ್ಲ.

"ಈ ಔಷಧಿ ಒಂದು ಲೀಟರ್ ಇದ್ರೆ ಸಾವಿರದ ನೂರು ಗ್ರಾಂ ತೂಗುತ್ತೆ. ಇಪ್ಪತ್ತು ಲೀಟರ್ ಅಂದ್ರೆ ಇಪ್ಪತ್ತೆರಡು ಕೆಜಿ, ಕ್ಯಾನ್ ಸೇರಿ ಇಪ್ಪತ್ಮೂರು. ಒಂದು ಲೀಟರ್ ತೆಗೆದು ಅಷ್ಟೇ ನೀರು ಸುರಿದ್ರೆ ಮಟ್ಟ ಹಾಗೇ ಇರುತ್ತೆ, ತೂಕದಲ್ಲಿ ನೂರು ಗ್ರಾಂ ಇಳಿಯುತ್ತೆ. ನಿಮ್ಮದರಲ್ಲಿ ಇಳಿದಿರೋದು ಒಂದೂವರೆ ಕೆಜಿ."

ಮೃತ್ಯುಂಜಯ ಬೆರಳು ಮಡಿಚಿ ಎಣಿಸಿದ. "ಹದಿನೈದ್ ಲೀಟ್ರು," ಎಂದ. ಮುಚ್ಚಳದ ಲೆಕ್ಕದಲ್ಲಿ ಸಾಯುವ ಜನ; ಹದಿನೈದು ಲೀಟರ್ ಎಲ್ಲೋ ಹೊರಗಿದೆ. ಸ್ಟೋರಿನ ಹೊರಗೆ ಕೂಲಿಮನೆಗಳ ಲೈನಿನ ಹೆಂಗಸರು ಬಿಂದಿಗೆ ಹಿಡಿದು ನಗಾಡುತ್ತ ಹೋಗುತ್ತಿದ್ದರು. ಅವರನ್ನು ಕಂಡು, ಅವರಿಗಾಗಿಯೇ ಅವನಿಗೆ ಹೆದರಿಕೆಯಾಯಿತು.

"ಬೀಗ ಒಡೆದಿಲ್ಲ. ಕೀ ಯಾರ ಹತ್ರ ಇರುತ್ತೆ?"

"ನನ್ ಹತ್ರ." ಸುನಿಲ್‌ಕುಮಾರನ ಇಸ್ತ್ರಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. "ಔಷಧಿ ಹೊಡೆಯೋ ದಿನ ಮಾತ್ರ ಭೂತಯ್ಯಂಗ್ ಕೊಡ್ತೀನಿ. ಆತನ ಮ್ಯಾಲೆ ಅನುಮಾನ ಪಡ್ಬ್ಯಾಡಿ ಮೇಡಂ, ಮೂವತ್ ವರ್ಷದ ಆಳು. ಮಗಳನ್ನ ಕಳ್ಕೊಂಡ್ ಮ್ಯಾಲೆ ಮಾತೂ ಕಮ್ಮಿ."

"ಮಗಳಿಗೆ ಏನಾಗಿತ್ತು?"

"ಆನೆ," ಎಂದ ರೈಟರ್.

ಗಗನಾ ತಕ್ಕಡಿಯನ್ನೂ ರೈಟರನ್ನೂ ಜೀಪಿಗೆ ಹತ್ತಿಸಿಕೊಂಡಳು.

ಭೂತಯ್ಯನ ಮನೆ ಲೈನಿನಿಂದ ದೂರ, ಕಾಫಿ ತೋಟದ ಆಚೆಯ ದಿಬ್ಬದಲ್ಲಿ. ನೀರಿಗೆ ಸ್ವಂತ ಬಾವಿ, ನೆರೆಹೊರೆ ಯಾರಿಲ್ಲ. ಅವರು ಹೋದಾಗ ಆತ ಜಗಲಿಯಲ್ಲಿ ಕೂತು ಹುಡುಗಿಯ ಹರಿದ ಸ್ಕೂಲ್ ಬ್ಯಾಗಿಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದ. ಅರವತ್ತರ ಹತ್ತಿರದ ವಯಸ್ಸು, ಉಗುರಿನ ಸಂದಿಯಲ್ಲಿ ಹಸಿರು. ಪೊಲೀಸರನ್ನು ಕಂಡು ಎದ್ದು ನಿಂತನೇ ಹೊರತು ಓಡಲಿಲ್ಲ.

ಸೌದೆ ರಾಶಿಯ ಹಿಂದೆ ಎರಡು ಅಡುಗೆ ಎಣ್ಣೆಯ ಕ್ಯಾನ್ ಸಿಕ್ಕವು. ರೈಟರನ್ನೂ ಚೆಲುವಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಗಗನಾ ತೂಗಿಸಿದಳು. ಕ್ಯಾನಿನ ತೂಕ ಕಳೆದು ಒಂದರಲ್ಲಿ ಐದೂವರೆ ಕೆಜಿ, ಇನ್ನೊಂದರಲ್ಲಿ ಮೂರು ಕೆಜಿ ಮುನ್ನೂರು ಗ್ರಾಂ. ಎಂದರೆ ಐದು ಲೀಟರ್, ಮೂರು ಲೀಟರ್.

"ನಿಂದೇನಾ?"

"ನಂದೇ."

"ಗುಂಡಿಗೆ ಎಷ್ಟು ಹಾಕಿದೆ?"

"ಎರಡ್ ಲೀಟ್ರು." ಆತ ಚೆಲುವಮ್ಮನ ಕಡೆ ತಿರುಗಿ ಕೈ ಮುಗಿದ. "ನಿನ್ ಹಸ ಆ ಕಡೆ ಬತ್ತವೆ ಅಂತ ಗೊತ್ತಿರ್ಲಿಲ್ಲ ಕಣವ್ವ." ಚೆಲುವಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಎಂಟು, ಎರಡು, ಹತ್ತು. ಇನ್ನೈದು ಲೀಟರ್ ಎಲ್ಲಿ?"

ಭೂತಯ್ಯ ಮತ್ತೆ ಬ್ಯಾಗು ಎತ್ತಿಕೊಂಡು ಹೊಲಿಗೆಯ ದಾರ ಬಿಗಿದ. ಗಗನಾ ಮತ್ತೆ ಕೇಳಿದಳು. ಬೆದರಿಸಿ ಕೇಳಿದಳು, ಕೂರಿಸಿ ನೀರು ಕೊಟ್ಟು ಕೇಳಿದಳು. ಆತ ಆಗಾಗ ಬಿಸಿಲಿನ ಕಡೆ ಕಣ್ಣು ಹಾಯಿಸುತ್ತಿದ್ದ, ಅಷ್ಟೆ. ಸಂಜೆಯಾಗುವುದನ್ನು ಕಾಯುವವನಂತೆ.

ಆ ನೋಟ ಮೃತ್ಯುಂಜಯನಿಗೆ ಅರ್ಥವಾಯಿತು. ಹೆದರುವವನು ತಾನು ಹೆದರುವುದರ ದಿನಚರಿಯನ್ನೆಲ್ಲ ತಿಳಿದಿರುತ್ತಾನೆ. ಸಲಗ ಹಗಲಿಡೀ ಬಿದಿರಿನ ನೆರಳಲ್ಲಿ ನಿಂತು, ಸಂಜೆ ಇಳಿಬಿಸಿಲಿಗೆ ನೀರಿಗೆ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ, ಹಳ್ಳಗಳೆಲ್ಲ ಒಣಗಿವೆ. ಈ ಬದಿಯಲ್ಲಿ ನೀರು ಉಳಿದಿರುವುದು ಒಂದೇ ಕಡೆ.

"ಬಿದಿರಕ್ಲು ಕೆರೆ," ಎಂದ. "ಕೆರೆಗಾಕಿದ್ಯಾ?"

ಭೂತಯ್ಯನ ದಬ್ಬಳ ಅರ್ಧದಲ್ಲೇ ನಿಂತಿತು.

"ಅಯ್ಯೋ ಮಾರಾಯ! ಆ ಕೆರೆಯಿಂದ ಲೈನ್ ಟ್ಯಾಂಕಿಗೆ ಪೈಪ್ ಎಳ್ದವ್ರೆ ಕಣೋ, ಹೋದ್ ತಿಂಗ್ಳು! ಬೋರು ಬತ್ತೋಗಿ ಈಗ ಸ್ಕೂಲಿಗೂ ಅದೇ ನೀರು!" ಎಂದು ರೈಟರ್ ಕೂಗಿದ.

ಭೂತಯ್ಯ ತಲೆಯೆತ್ತಿದ. ಮೊದಲು ಮಾತು ಅವನ ಕಿವಿಗೆ ಹೋದಂತೆಯೇ ಕಾಣಲಿಲ್ಲ. ಆಮೇಲೆ ಕೈಯಲ್ಲಿದ್ದ ಬ್ಯಾಗು ಜಾರಿ ಬಿತ್ತು.

"ಇಸ್ಕೂಲ್ಗಾ?" ಎಂದ. "ನನ್ ಧನು ಅಲ್ಲೇ ಅವ್ಳೆ ಸಾ. ಮೊಮ್ಮಗಳು. ನಂಗೆ ಗೊತ್ತಿಲ್ಲ ಸಾ, ನಮ್ಗೆ ಬಾವಿ ನೀರು, ಯಾರೂ ಹೇಳ್ನಿಲ್ಲ. ಈವತ್ ಬೆಳಿಗ್ಗೆ ಕ್ಯಾನಿಗೆ ತೂತ ಮಾಡಿ ಕಟ್ಟಿವ್ನಿ. ಸಂಜೆಗಂಟ ತೊಟ್ಟಿಕ್ತಿರ್ತದೆ."

ಹನ್ನೊಂದೂ ಮುಕ್ಕಾಲಾಗಿತ್ತು. ನೀರುಗಂಟಿ ಹನ್ನೊಂದಕ್ಕೇ ವಾಲ್ವ್ ತಿರುಗಿಸಿ ಹೋಗುತ್ತಾನೆ ಎಂದ ರೈಟರ್. ಗಗನಾ ಶಾಲೆಗೆ ಫೋನ್ ಮಾಡಲು ನೋಡಿದಳು. ಆ ದಿಬ್ಬದಲ್ಲಿ ಒಂದು ಗೆರೆಯೂ ಸಿಗ್ನಲ್ ಇರಲಿಲ್ಲ. ಶಾಲೆ ಕೆಳಗೆ, ಕೆರೆ ಮೇಲೆ, ಜೀಪು ಒಂದೇ.

"ನಾನು ಶಾಲೆಗೆ ಹೋಗ್ತೀನಿ. ನೀವು ಇವನನ್ನ ಕರ್ಕೊಂಡು ಕೆರೆಗೆ ಹೋಗಿ ವಾಲ್ವ್ ಮುಚ್ಚಿ. ಮೃತ್ಯುಂಜಯ ಅವ್ರೇ, ಆಗುತ್ತಾ?"

ಆಗುವುದಿಲ್ಲ ಎಂದು ಹೇಳುವಂತಿರಲಿಲ್ಲ. ಅವನು ತಲೆಯಾಡಿಸಿದ.

ಕಾಲುದಾರಿ ಕಾಫಿ ಗಿಡಗಳ ನಡುವೆ ಏರಿತ್ತು. ಮುಂದೆ ಭೂತಯ್ಯ, ಹಿಂದೆ ಮೃತ್ಯುಂಜಯ. ಇಬ್ಬರೂ ಓಡುತ್ತಿದ್ದರು, ಆರೋಪಿ ಯಾರು ಪೊಲೀಸ್ ಯಾರು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಕೆರೆ ಹತ್ತಿರವಾದಂತೆ ಲದ್ದಿಯ ವಾಸನೆ ಬಂತು. ಹಸಿ ವಾಸನೆ. ಎಡಕ್ಕೆ ಬಿದಿರು ಮೆಳೆಯಲ್ಲಿ ಗಳು ಮುರಿದ ಸದ್ದು, ಆಮೇಲೆ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದವೇ ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. ಕಾಲು ನಿಂತುಹೋಯಿತು.

"ಅಲ್ಲೇ ಐತೆ," ಎಂದು ಭೂತಯ್ಯ ಪಿಸುಗುಟ್ಟಿದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ವಾಲ್ವ್ ಕೆರೆಯ ಏರಿಯ ಕೆಳಗೆ, ಮೆಳೆಯಿಂದ ನಲವತ್ತು ಅಡಿ ಇದ್ದೀತು. ಪೈಪಿನೊಳಗೆ ನೀರು ಹರಿಯುವುದು ಕೇಳಿಸುತ್ತಿತ್ತು. ಶಾಲೆಯ ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕೂರುವುದು, ಲೋಟ ಎತ್ತಿ ಗಟಗಟ ಕುಡಿಯುವುದು ಮೃತ್ಯುಂಜಯನ ಕಣ್ಣಿಗೆ ಬಂತು. ಅವನು ಕೂತು, ತೆವಳಿ, ಚಕ್ರಕ್ಕೆ ಕೈ ಹಾಕಿದ. ಬಿಗಿಯಾಗಿತ್ತು. ತಿರುಗಿಸಿದಾಗ ಕಬ್ಬಿಣ ಕಿರ್ ಎಂದಿತು, ಮೆಳೆಯೊಳಗೆ ದೊಡ್ಡ ಉಸಿರೊಂದು ಭುಸ್ ಎಂದಿತು. ಅವನ ಪ್ಯಾಂಟು ಒದ್ದೆಯಾಯಿತು. ಕೈ ಮಾತ್ರ ಬಿಡಲಿಲ್ಲ. ಚಕ್ರ ಇನ್ನು ತಿರುಗದೆ ನಿಂತಿತು, ಪೈಪಿನ ಸದ್ದು ನಿಂತಿತು.

ಅಷ್ಟರಲ್ಲಿ ಭೂತಯ್ಯ ಸೊಂಟದವರೆಗೆ ನೀರಿಗಿಳಿದು ಮರದ ಬೇರಿಗೆ ಕಟ್ಟಿದ್ದ ಕ್ಯಾನ್ ಕಿತ್ತುಕೊಂಡಿದ್ದ. ತೂತಿಗೆ ಹೆಬ್ಬೆರಳು ಒತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿ ಬಂದ. ಇಬ್ಬರೂ ಬೆನ್ನು ತಿರುಗಿಸದೆ, ಮೆಳೆ ಮರೆಯಾಗುವ ತನಕ ಹಿಂದಕ್ಕೇ ನಡೆದರು. ಆನೆ ಹೊರಗೆ ಬರಲೇ ಇಲ್ಲ.

ಕೆಳಗೆ ಗಗನಾ ಶಾಲೆಯ ಕೊಡಪಾನಗಳನ್ನೆಲ್ಲ ಮಗುಚಿ, ಸಾಂಬಾರಿನ ಪಾತ್ರೆಯನ್ನೂ ಚೆಲ್ಲಿಸಿ, ನಲ್ಲಿಗಳಿಗೆ ಬಟ್ಟೆ ಕಟ್ಟಿಸಿದ್ದಳು. ಆವತ್ತಿನ ನೀರು ಲೈನಿನ ಟ್ಯಾಂಕಿಗೆ ಬಿದ್ದಿತ್ತು, ಅಲ್ಲಿಂದ ಮುಂದೆ ಹೋಗಿರಲಿಲ್ಲ. ಆದರೂ ವೈದ್ಯರು ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರು ಕೊನೆಯ ಮಗುವಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ ಏನೂ ಇಲ್ಲ ಎನ್ನುವ ತನಕ ಗಗನಾ ಕೂರಲಿಲ್ಲ. ಕೆರೆಯ ಕ್ಯಾನನ್ನು ತೂಗಿದರು: ನಾಲ್ಕು ಕೆಜಿ ನಾನೂರು ಗ್ರಾಂ. ನಾಲ್ಕು ಲೀಟರ್ ಉಳಿದಿತ್ತು, ಒಂದು ಲೀಟರ್ ನೀರಿಗೆ ಹೋಗಿತ್ತು. ಹದಿನೈದಕ್ಕೆ ಹದಿನೈದು ಲೆಕ್ಕ ಸಿಕ್ಕಿತು. ಕೆರೆ, ಟ್ಯಾಂಕುಗಳಿಗೆ ಕಾವಲು ಹಾಕಿಸಿ, ಅರಣ್ಯ ಇಲಾಖೆಗೆ ತಿಳಿಸಿ, ಸಂಜೆ ನಾಲ್ಕಕ್ಕೆ ಬಂಧನದ ಕಾಗದಕ್ಕೆ ಭೂತಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಮಗಳ ಸೇಡಿಗಾ?" ಎಂದು ಕೇಳಿದಳು ಗಗನಾ.

"ಸೇಡಲ್ಲವ್ವಾ. ಅದ್ಕೇನ್ ಗೊತ್ತು, ಮೂಕಪ್ರಾಣಿ." ಭೂತಯ್ಯ ಹಸಿರು ಉಗುರುಗಳನ್ನು ಅಂಗಿಗೆ ಉಜ್ಜಿದ. "ಅವತ್ತು ಮಗಳು ಧನೂನ ಇಸ್ಕೂಲಿಗ್ ಬಿಡೋಕೋಗಿದ್ಲು. ಅದು ಬಂದಾಗ ಕೂಸನ್ನ ಕಾಫಿ ಗಿಡದೊಳಕ್ಕೆ ತಳ್ಬುಟ್ಲು. ಈಗ್ಲೂ ಅದೇ ದಾರಿ. ದಿನಾ ಬಿಟ್ ಬತ್ತೀನಿ, ಬರೋಗಂಟ ಕಾಯ್ತೀನಿ. ಯಾವತ್ತೋ ಒಂದಿನ ನನ್ ಕೈಲಾಗಲ್ಲ. ಹೆದ್ರುಕೆ ಅವ್ವ, ಹೆದ್ರುಕೆ." ಆಮೇಲೆ ಮೃತ್ಯುಂಜಯನ ಕಡೆ ತಿರುಗಿದ. "ನಾಳೆ ಅವ್ಳನ್ ಯಾರ್ ಕರ್ಕೊಂಡೋಗ್ತಾರೆ ಸಾ?"

ಹುಡುಗಿಯನ್ನು ಆ ರಾತ್ರಿ ತನ್ನ ಮನೆಗೆ ಕರೆದುಕೊಂಡು ಹೋದವಳು, ಎರಡು ಹಸು ಕಳೆದುಕೊಂಡ ಚೆಲುವಮ್ಮನೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚೆಲುವಮ್ಮನ ಅಂಗಳದಲ್ಲಿ ಮೃತ್ಯುಂಜಯ ನಿಂತಿದ್ದ. ರಜೆ ಬರೆದು, ಮೊದಲ ಬಸ್ಸಿಗೆ ಬಂದಿದ್ದ. ಸಲಗ ಇನ್ನೂ ಅಲ್ಲೇ ಇದೆಯೆಂದು ಫೋನಿನಲ್ಲಿ ನೋಡಿಯೇ ಬಂದಿದ್ದ. ಎಂಟು ವರ್ಷದ ಧನುಶ್ರೀ ಬ್ಯಾಗು ಏರಿಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಗೆ ಆನೆ ಹೆದ್ರುಕೆ ಇಲ್ವಾ?"

"ಐತೆ ಕಣವ್ವ. ಭಾಳ ಐತೆ."

"ತಾತಂಗೂ ಐತೆ," ಎಂದು ಅವಳು ಅವನ ಕಿರುಬೆರಳು ಹಿಡಿದುಕೊಂಡಳು. "ಜೋರಾಗಿ ಮಾತಾಡ್ತಾ ಹೋಗ್ಬೇಕು. ತಾತ ಹಂಗೇ ಮಾಡೋದು."

ಮೃತ್ಯುಂಜಯ ಗಂಟಲು ಸರಿಮಾಡಿಕೊಂಡ. ಏನು ಮಾತಾಡಬೇಕೆಂದು ಹೊಳೆಯಲಿಲ್ಲ. ಕೊನೆಗೆ ಎರಡರ ಮಗ್ಗಿ ಶುರುಮಾಡಿದ, ಅವಳೂ ದನಿಗೂಡಿಸಿದಳು, ಇಬ್ಬರೂ ಕೂಗುತ್ತ ತೋಟದೊಳಗೆ ಇಳಿದರು.